ಮಡಚಿದ ತೋಳು

ಮಧ್ಯಾಹ್ನದ ಹೊತ್ತಿಗೆ ಮೇಡಂ ಅವರ ಎಡ ಮುಂಗೈ ತುಂಬ ಸಣ್ಣ ಕೆಂಪು ಚುಕ್ಕೆಗಳು ಮೂಡಿರುತ್ತಿದ್ದವು. ನರಕ್ಕೆ ಪೆಟ್ಟಾದವರ ಚರ್ಮಕ್ಕೆ ಸ್ಪರ್ಶ ಎಷ್ಟು ತಿಳಿಯುತ್ತದೆಂದು ಅಳೆಯಲು ನಮ್ಮಲ್ಲಿ ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳಿದ್ದವು. ಪ್ರತಿಯೊಂದನ್ನೂ ಅವರು ರೋಗಿಯ ಕಣ್ಣೆದುರೇ ತಮ್ಮ ಕೈಗೆ ಒತ್ತಿಕೊಳ್ಳುತ್ತಿದ್ದರು. "ಮೊದಲ ನನಗ, ಆಮ್ಯಾಲ ನಿಮಗ್ರಿ" ಎನ್ನುತ್ತಿದ್ದರು. ಸೊಲ್ಲಾಪುರದ ಕನ್ನಡ ಮನೆಯವರು.

ಗಾಯ ಮಾಯ್ದ ಮೇಲೂ ಕೆಲವರಲ್ಲಿ ನೋವು ಏಕೆ ಉಳಿಯುತ್ತದೆ, ಮೊದಲ ವಾರಗಳಲ್ಲೇ ಅದನ್ನು ತಡೆಯಲು ಸಾಧ್ಯವೇ ಎಂಬ ಪ್ರಶ್ನೆಯ ಬೆನ್ನುಹತ್ತಿ ಅವರು ಪುಣೆಯ ಆ ಪ್ರಯೋಗಾಲಯದಲ್ಲಿ ಬದುಕನ್ನೇ ಸವೆಸಿದ್ದರು. ನಾನು ಅಂಕಿ ಬರೆದುಕೊಳ್ಳುವ ಸಹಾಯಕ. ನಮ್ಮ ಮನೆತನದ ಮೊದಲ ಪದವೀಧರ. ತಪ್ಪಾದೀತೆಂಬ ಭಯದಿಂದ ರೋಗಿಗಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೆ.

ಯಾದಗಿರಿ ಕಡೆಯಿಂದ ಬಂದು ಪುಣೆಯ ಮಗರಪಟ್ಟಾದ ಕಟ್ಟಡಗಳಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಕುವ ನನ್ನ ಅಪ್ಪನ ಮುಂಗೈಗೆ ಕಲ್ಲು ಕತ್ತರಿಸುವ ಕಟರ್ ತಗುಲಿ ವರ್ಷವಾಗಿತ್ತು. ವಿಷಯ ತಿಳಿದ ಮೇಡಂ ತಾವಾಗಿಯೇ ಅವನನ್ನು ಕರೆಸಿದರು. ಮಾಯ್ದ ಗಾಯದ ಸುತ್ತ ಹತ್ತಿಯ ಎಳೆ ತಾಗಿಸಿ, ಸೊನ್ನೆಯಿಂದ ಹತ್ತರವರೆಗೆ ನೋವೆಷ್ಟು ಎಂದು ಕೇಳಿದರು.

"ಏನೂ ಇಲ್ರಿ. ಸೊನ್ನಿ," ಎಂದ ಅಪ್ಪ.

ನಾನು ಸೊನ್ನೆ ಬರೆದೆ. ಸೊನ್ನೆ ಬಂದವರಿಗೆ ಚಿಕಿತ್ಸೆಯಿಲ್ಲ. ಅಲ್ಲಿಂದಲೇ ಮನೆಗೆ ಕಳುಹಿಸುವುದು ರೂಢಿ.

ಮೇಡಂ ಮಾತ್ರ ಅಪ್ಪನ ಅಂಗಿಯನ್ನೇ ನೋಡುತ್ತಿದ್ದರು. "ಹೊರಗ ಇಷ್ಟ ಥಂಡಿ ಅದ. ಬರೂವಾಗನ ಒಂದ ತೋಳ ಯಾಕ ಮಡಚೀರಿ ಯಜಮಾನ್ರ?"

ಅಪ್ಪ ತಲೆ ತಗ್ಗಿಸಿದ. "ಅಂಗಿ ತಾಗಿದ್ರ ಕೆಂಡ ಇಟ್ಟಂಗ ಆಗ್ತದ್ರಿ. ಮಗ ಬರೀಲಿಕ್ಕತ್ತಾನ. ಅವನ ಮುಂದ ಹೆಂಗ ಹೇಳ್ಲಿ?"

ಆ ಮಡಚಿದ ತೋಳನ್ನು ನಾನು ವರ್ಷವಿಡೀ ಅಪ್ಪನ ಅಭ್ಯಾಸವೆಂದೇ ತಿಳಿದಿದ್ದೆ. ಮೇಡಂ ಅದನ್ನು ಒಂದೇ ನೋಟಕ್ಕೆ ಓದಿದ್ದರು.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ನೀ ಹೊರಗ ನಡಿಯಪಾ ಸಾಹೇಬಾ," ಎಂದರು. ಕೆಲಸ ಹೋಯಿತೆಂದೇ ಭಾವಿಸಿದೆ. ಆಮೇಲೆ ಹೊರಗೆ ಬಂದು ಹೇಳಿದ್ದು ಇಷ್ಟೇ: "ಅವರು ಹೇಳಿದ್ದ ಬರದಿ, ಖರೆ. ನಾಳಿಂದ ಮೊದಲ ಅಂಗಿ ನೋಡು." ನಾನು ಹೊರಗಿದ್ದಾಗ ಅಪ್ಪ ಹೇಳಿದ ಹೊಸ ಅಂಕಿಯನ್ನು ಮಾತ್ರ ತಿಳಿಸಲಿಲ್ಲ. "ಅದು ಅವರ ನೋವು. ಅವರನ್ನ ಕೇಳು."

ಕೇಳುವ ಧೈರ್ಯ ನನಗೆ ಬರಲಿಲ್ಲ. ಅಪ್ಪನಿಗೆ ಚಿಕಿತ್ಸೆ ಸಿಕ್ಕಿತು. ಮಳೆಗಾಲದ ಹೊತ್ತಿಗೆ ಮಡಚಿದ ತೋಳು ಕೆಳಗಿಳಿಯಿತು.

ಕಳೆದ ವರ್ಷ ಮೇಡಂ ತೀರಿಕೊಂಡರು. ಧನಕವಡಿಯ ಅವರ ಮನೆಯಲ್ಲಿ ಅಂತಿಮ ದರ್ಶನ ಪಡೆದು ಬಸ್ಸಿನಲ್ಲಿ ಮರಳುವಾಗ, ಪಕ್ಕದಲ್ಲಿದ್ದ ಅಪ್ಪನನ್ನು ಕೊನೆಗೂ ಕೇಳಿದೆ: "ಅವತ್ತ ಎಷ್ಟ ಹೇಳಿದ್ದಿ?"

"ಒಂಬತ್ತ," ಎಂದ ಅಪ್ಪ, ಕಿಟಕಿಯತ್ತ ಮುಖ ಮಾಡಿ. "ಹತ್ತ ಅಂದಿದ್ರ ಆಯಮ್ಮಗ ಭಾಳ ಸಂಕಟ ಆಗ್ತಿತ್ತು."