ಶೋಕೇಸ್ ವಿಮೋಚನೆ

ನಮ್ಮ ಬಂಟ್ವಾಳದ ಕಡೆ ಮನೆಗೆ ದೇವರ ಕೋಣೆ ಇಲ್ಲದಿದ್ದರೂ ಆದೀತು, ಚಾವಡಿಗೆ ಶೋಕೇಸ್ ಇಲ್ಲದೆ ಆಗುವುದಿಲ್ಲ. ಗೋಡೆಯೊಳಗೆ ಹುದುಗಿ ಕುಳಿತ, ಎರಡು ಜಾರುಗಾಜಿನ ಬಾಗಿಲುಗಳ, ಆ ಬಾಗಿಲುಗಳ ಸಂಧಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬೀಗವೊಂದು ನೇತುಬಿದ್ದ ಈ ಕಪಾಟಿನಲ್ಲಿ ಮಸ್ಕತ್ತಿನ ಗಾಜಿನ ಹಂಸ, ಯಾರೂ ಚಹಾ ಕುಡಿಯದ ಚಹಾದ ಸೆಟ್ಟು, ಎಂದೂ ಕೊಳೆಯದ ಪ್ಲಾಸ್ಟಿಕ್ ದ್ರಾಕ್ಷಿ, ನಿಂಬೆ-ಚಮಚದ ಓಟದಲ್ಲಿ ಮಗನಿಗೆ ಸಿಕ್ಕಿದ ಕಪ್ಪು ಇತ್ಯಾದಿ ಸಕಲ ಸಂಪತ್ತೂ ಜೀವಾವಧಿ ಶಿಕ್ಷೆಗೆ ಗುರಿಯಾದಂತೆ ಸಾಲಾಗಿ ನಿಂತಿರುತ್ತದೆ. ನಮ್ಮ ಮನೆಯ ಶೋಕೇಸಿನ ನಡುವಿನ ಹಂತದಲ್ಲಿ ಕೊರಳಿಗೆ ಡೋಲು ಕಟ್ಟಿಕೊಂಡ ಕರಡಿಯೊಂದಿತ್ತು. ಭಾವ ಗಲ್ಫಿನಿಂದ ತಂದದ್ದು. ಎರಡೂ ಕೈಗಳನ್ನು ಮೇಲೆತ್ತಿ, ಇನ್ನೇನು ಬಾರಿಸಿಯೇ ಬಿಡುತ್ತೇನೆ ಎಂಬ ಭಂಗಿಯಲ್ಲಿ ಅದು ನಿಂತು ಎಷ್ಟೋ ವರ್ಷಗಳಾಗಿದ್ದವು. ಬೀಗದ ಕೈ ನನ್ನ ಹೆಂಡತಿ ಸುಗುಣೆಯ ಸುಪರ್ದಿಯಲ್ಲಿತ್ತು. ಕರಡಿಗೂ ನನಗೂ ಈ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಸಮಾಜಸೇವೆಯ ಹುಕಿ ಹತ್ತಿತು. ಹುಕಿ ಹತ್ತಿತು ಎನ್ನುವುದಕ್ಕಿಂತ, ಮನೆಯಲ್ಲಿ ಕುಳಿತು ಅವಳ ಅಡುಗೆಗೆ ಸಲಹೆ ಕೊಡುವ ನನ್ನ ನೂತನ ಹವ್ಯಾಸವನ್ನು ಸಹಿಸಲಾರದೆ ಸುಗುಣೆಯೇ ನನ್ನನ್ನು ಸಮಾಜಕ್ಕೆ ದಾನ ಮಾಡಿದಳು ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ. ಮೆಲ್ಕಾರಿನ ಹೋಟೆಲೊಂದರಲ್ಲಿ ಬನ್ಸ್ ತಿನ್ನುತ್ತಾ ನಾವು ನಾಲ್ಕೈದು ಮಂದಿ ಕಟ್ಟಿದ ಸಂಘಕ್ಕೆ ನಾಮಕರಣ ಮಾಡಿದವನೂ ನಾನೇ. ಹೆಸರು ಎಷ್ಟು ಭವ್ಯವಾಯಿತೆಂದರೆ ಬೋರ್ಡು ಮುಗಿದರೂ ಹೆಸರು ಮುಗಿಯದೆ, ಪೇಂಟರು ಕೊನೆಯ ಶಬ್ದವನ್ನು ಗೋಡೆಯ ಮೇಲೆ ಬರೆಯಬೇಕಾಯಿತು. ಅದನ್ನು ಓದುವ ಸಾಹಸಕ್ಕೆ ಯಾರೂ ಹೋಗದೆ ಎಲ್ಲರೂ ‘ಆಟದ ರೂಮು’ ಎಂದರು.

ಮಾಡುವ ಕೆಲಸ ಇಷ್ಟೆ. ಪಾಣೆಮಂಗಳೂರಿನ ಹಿಂದಿನ ಗುಡ್ಡೆಯ ಮೇಲೆ ಸರಕಾರ ಬಡವರಿಗೆ ಕೊಟ್ಟ ಐದು ಸೆಂಟ್ಸ್ ನಿವೇಶನಗಳ ಕಾಲನಿಯೊಂದಿದೆ. ಹೆಂಗಸರು ಬೀಡಿ ಕಟ್ಟುತ್ತಾರೆ, ಗಂಡಸರು ಗಾರೆ ಕೆಲಸಕ್ಕೋ ಲೋಡಿಂಗಿಗೋ ಹೋಗುತ್ತಾರೆ, ಮಕ್ಕಳು ಶಾಲೆ ಬಿಟ್ಟ ಮೇಲೆ ಅಮ್ಮನ ಮಡಿಲಲ್ಲಿರುವ ಬೀಡಿ ಎಲೆಯ ಸೂಪನ್ನು, ಅಂದರೆ ಮೊರವನ್ನು, ನೋಡುತ್ತಾ ಕುಳಿತಿರುತ್ತಾರೆ. ಪುಸ್ತಕದಂತೆ ಆಟಿಕೆಯನ್ನೂ ವಾರಕ್ಕೊಂದರಂತೆ ಎರವಲು ಕೊಟ್ಟರೆ ಹೇಗೆ ಎಂದವರು ಜೆಸಿಂತಾ ಬಾಯಿ. ಜೀವಮಾನವಿಡೀ ಬಾಲವಾಡಿ ನಡೆಸಿ ನಿವೃತ್ತರಾದ, ಪ್ರಪಂಚದ ಎಲ್ಲರನ್ನೂ ಮೂಗು ಒರೆಸಬೇಕಾದ ಶಿಶುಗಳೆಂದೇ ಭಾವಿಸಿದ ಮಹಿಳೆ ಅವರು. ಗುಡ್ಡೆಯ ಬುಡದ ತಮ್ಮ ಕಟ್ಟಡದಲ್ಲಿ ಖಾಲಿ ಬಿದ್ದಿದ್ದ ಒಂದು ಕೋಣೆಯನ್ನು ಹೋಟೆಲ್ ಉದ್ಯಮದ ಸಂಜೀವಣ್ಣ ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟರು.

ಆಟಿಕೆ ಎಲ್ಲಿಂದ? ನೀವು ಊಹಿಸಿದಿರಿ, ಶೋಕೇಸುಗಳಿಂದ. ನಾನೂ ಜೆಸಿಂತಾ ಬಾಯಮ್ಮನೂ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಮನೆಮನೆ ಸುತ್ತಿದೆವು. ಮದುವೆಯಾಗಿ ಹೋಗುವ ಮಗಳನ್ನು ಕಳಿಸಿಕೊಡುವಂತೆ ಗೃಹಿಣಿಯರು ಬೀಗ ತೆಗೆದು, ಕಣ್ಣೊರೆಸಿಕೊಂಡು, ಕಣ್ಣು ಮಿಟುಕಿಸುವ ಬೊಂಬೆಗಳನ್ನೂ ಓಡದ ಕಾರುಗಳನ್ನೂ ನಮ್ಮ ಕೈಗಿತ್ತರು. ವಾಮದಪದವಿನ ಮನೆಯೊಂದರಲ್ಲಿ ಕೊಟ್ಟ ತ್ರಿಚಕ್ರ ಸೈಕಲನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದ ನನ್ನನ್ನು ಕಂಡಕ್ಟರು ಕನಿಕರದಿಂದ ನೋಡಿದ. ಸಂಜೀವಣ್ಣನಂತೂ ಕೋಣೆಯ ಜೊತೆಗೆ ತಾವು ಬಹರೈನಿನಲ್ಲಿದ್ದಾಗ ಮಗನಿಗೆಂದು ತಂದ ರೈಲನ್ನೇ ಕೊಟ್ಟರು. ಒಂದು ಎಂಜಿನು, ಎರಡು ಬೋಗಿ, ಡಬ್ಬಿ ಸಮೇತ. ಅಂದಹಾಗೆ ನಮ್ಮ ಕರಡಿಯ ವಿಷಯ ಬಂದಾಗ ಸುಗುಣೆ, ‘ಅದು ಬೇಡ, ಅದು ನೆನಪಿಂದು’ ಎಂದಳು. ಸಂಘದ ಕಾರ್ಯದರ್ಶಿಯಾದ ನಾನೂ ಒತ್ತಾಯಿಸಲಿಲ್ಲ.

ಪ್ರತಿ ಶನಿವಾರ ಸಂಜೆ ಆಟಿಕೆ ಕೊಡುವುದು, ಮುಂದಿನ ಶನಿವಾರ ಮರಳಿ ಪಡೆಯುವುದು. ಗೋಡೆಗೆ ನಾನೊಂದು ಸೂಚನೆ ಅಂಟಿಸಿದ್ದೆ: ‘ಕ್ರೀಡಾಸಾಮಗ್ರಿಗಳನ್ನು ಅತ್ಯಂತ ಜೋಪಾನವಾಗಿ ಸಂರಕ್ಷಿಸತಕ್ಕದ್ದು.’ ಅದರ ಪರಿಣಾಮ ನನ್ನನ್ನೇ ಬೆರಗುಗೊಳಿಸಿತು. ಆಟಿಕೆಗಳು ಹೋದಷ್ಟೇ ಚೊಕ್ಕವಾಗಿ, ಕೆಲವು ಹೋದದ್ದಕ್ಕಿಂತ ಚೊಕ್ಕವಾಗಿ ಮರಳಿದವು. ಒಂದು ಬೊಂಬೆಗೆ ಯಾರೋ ಪೌಡರು ಕೂಡ ಹಾಕಿ ಕಳಿಸಿದ್ದರು. ನನ್ನ ಭಾಷಾಶೈಲಿಗೆ ಜನಮನದ ಮೇಲೆ ಇಷ್ಟೊಂದು ಪ್ರಭಾವವಿದೆ ಎಂಬುದು ಮೂವತ್ತು ಬ್ಯಾಚು ಮಕ್ಕಳಿಗೆ ಪಾಠ ಹೇಳಿದರೂ ಗೊತ್ತಾಗಿರದಿದ್ದ ನಾನು, ಸಂಘದ ಸಭೆಯಲ್ಲಿ ಎದ್ದುನಿಂತು, ಒಂದೇ ಒಂದು ಆಟಿಕೆಗೂ ಗೀರು ಬಿದ್ದಿಲ್ಲವೆಂದು ಘೋಷಿಸಿದೆ. ಚಪ್ಪಾಳೆಯೂ ಬಿತ್ತು. ಜೆಸಿಂತಾ ಬಾಯಿ ಮಾತ್ರ ಹಲ್ಲುನೋವು ಬಂದವರಂತೆ ಕುಳಿತಿದ್ದರು.

‘ಎಂತಾಯ್ತು ಬಾಯಮ್ಮ?’ ಎಂದೆ.

‘ಒಂದು ಗಾಲಿ ಕೂಡ ಸವೆಯಲಿಲ್ಲ ಮಾಸ್ಟ್ರೇ. ಇದು ಮಕ್ಕಳ ಕೈಗೆ ಹೋದದ್ದಾ ಮ್ಯೂಸಿಯಮಿಗೆ ಹೋದದ್ದಾ? ಬನ್ನಿ, ನೋಡಿ ಬರುವ.’

ನೋಡಿ ಬಂದೆವು. ಕಾಲನಿಯಲ್ಲಿ ಶೋಕೇಸಿಗೆ ಜಾಗವಿಲ್ಲ ನಿಜ. ಆದರೆ ಶೋಕೇಸ್ ಎಂಬುದು ಪೀಠೋಪಕರಣವಲ್ಲ, ಅದೊಂದು ಮನೋಧರ್ಮ ಎಂಬ ತತ್ತ್ವ ನನಗೆ ಅಲ್ಲಿ ಹೊಳೆಯಿತು. ಮನೆಮನೆಯಲ್ಲೂ ನಮ್ಮ ಆಟಿಕೆ ಟಿ.ವಿ.ಯ ಮೇಲೆ, ಅಕ್ಕಿಡಬ್ಬಿಯ ಮೇಲೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಪ್ಲಾಸ್ಟಿಕ್ ಕವರ್ ಹೊದ್ದು ವಿರಾಜಿಸುತ್ತಿತ್ತು. ಬೀಡಿ ಕಟ್ಟುವ ಲಲಿತಕ್ಕನ ಮನೆಯಲ್ಲಿ ಸಂಜೀವಣ್ಣನ ರೈಲು ದೇವರ ಪಟದ ಪಕ್ಕದಲ್ಲೇ ಇತ್ತು. ಅಂದು ಶುಕ್ರವಾರವಾದ್ದರಿಂದ ಎಂಜಿನಿಗೆ ಒಂದು ಬೊಟ್ಟು ಕುಂಕುಮ, ಒಂದು ದಾಸವಾಳ. ಅದರ ಎದುರು ಲಲಿತಕ್ಕನ ಐದು ವರ್ಷದ ಮಗಳು ಚೈತ್ರ, ಮುಟ್ಟಿಬಿಟ್ಟೇನೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತೆತ್ತಿ ನೋಡುತ್ತಾ ನಿಂತಿದ್ದಳು. ನನ್ನ ನಗು ಅಲ್ಲಿಗೆ ನಿಂತಿತು.

‘ಬೇರೆಯವರ ಸೊತ್ತಲ್ವಾ ಮಾಸ್ಟ್ರೇ,’ ಎಂದಳು ಲಲಿತಕ್ಕ. ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾವ ಮುಖ ಇಟ್ಟುಕೊಂಡು ವಾಪಸ್ ತರುದು? ಮೊದಲ ವಾರವೇ ಹೇಳಿದ್ದೇನೆ ಅವಳಿಗೆ, ನೋಡ್ಲಿಕ್ಕೆ ಮಾತ್ರ ಅಂತ.’

ಮರುದಿನ ನನ್ನ ‘ಸಂರಕ್ಷಿಸತಕ್ಕದ್ದು’ ಗೋಡೆಯಿಂದ ಇಳಿಯಿತು. ಬಾಯಮ್ಮ ಹೊಸ ಶಾಸನ ಹೊರಡಿಸಿದರು: ಆಡಿದ ಗುರುತು ಇಲ್ಲದಿದ್ದರೆ ಬೇರೆ ಆಟಿಕೆ ಇಲ್ಲ. ವಿಧೇಯತೆಯಲ್ಲಿ ನಮ್ಮ ಊರಿನವರನ್ನು ಮೀರಿಸುವವರುಂಟೆ? ಮುಂದಿನ ಶನಿವಾರ ಅಜ್ಜಿಯೊಬ್ಬರು ತಂದ ಕಾರಿನ ನಾಲ್ಕೂ ಗಾಲಿಗಳು ಒಂದೇ ಅಳತೆಯಲ್ಲಿ, ಅತ್ಯಂತ ನಾಜೂಕಾಗಿ ಸವೆದಿದ್ದವು. ಬಾಯಮ್ಮ ದುರುಗುಟ್ಟಿ ನೋಡಿದಾಗ ಅಜ್ಜಿ ಒಪ್ಪಿಕೊಂಡರು: ‘ಅರೆಯುವ ಕಲ್ಲಿಗೆ ಸ್ವಲ್ಪ ಉಜ್ಜಿದೆ. ಮೊಮ್ಮಗನಿಗೆ ಕೊಟ್ರೆ ಹಾಳು ಮಾಡ್ತಾನೆ.’ ಜೆಸಿಂತಾ ಬಾಯಿ ಆ ದಿನ ನಕ್ಕ ನಗೆಗೆ ಅವರ ಕನ್ನಡಕ ಬಿದ್ದು, ಆಟದ ರೂಮಿನಲ್ಲಿ ಮೊತ್ತಮೊದಲು ಗೀರು ಬಿದ್ದ ವಸ್ತು ಅದೇ ಆಯಿತು.

ಆದರೆ ಕಟ್ಟೆ ಒಂದು ಸಲ ಒಡೆದ ಮೇಲೆ ಕೇಳಬೇಕೆ? ಮಕ್ಕಳ ಕೈಗೆ ಆಟಿಕೆ ಸಿಕ್ಕಿತು, ಆಟಿಕೆಗೆ ಮಕ್ಕಳು ಸಿಕ್ಕಿದರು. ಒಂದು ಕಿವಿಯ ಮೊಲ, ಬೋಳುತಲೆಯ ಬೊಂಬೆ, ಹೊಟ್ಟೆಯಲ್ಲಿ ಮರಳು ತುಂಬಿದ ಲಾರಿ, ಕೆಸರಲ್ಲಿ ಹೂತು ಮತ್ತೆ ಪತ್ತೆಯಾದ ಆನೆ ಹೀಗೆ ಶನಿವಾರ ಸಂಜೆಯೆಂದರೆ ಯುದ್ಧಭೂಮಿಯಿಂದ ಮರಳುವ ಸೇನೆಯ ಮೆರವಣಿಗೆ. ತಾಯಂದಿರು ಬೀಡಿ ಕಟ್ಟುವ ನೂಲಿನಿಂದಲೇ ಕೈಕಾಲು ಬಿಗಿದು ಕಳಿಸುತ್ತಿದ್ದರು. ನಾನು ಪ್ರತಿಯೊಂದು ಹಾನಿಯನ್ನೂ ಶೋಕರಸದಲ್ಲಿ ಸ್ವೀಕರಿಸುತ್ತಿದ್ದೆ, ಬಾಯಮ್ಮ ಬಹುಮಾನ ಬಂದಂತೆ ಸ್ವೀಕರಿಸುತ್ತಿದ್ದರು.

ಈ ಆನಂದದ ನಡುವೆ ಸಂಜೀವಣ್ಣನ ಫೋನು ಬಂತು. ವರ್ಷ ಮುಗಿಯಿತು, ಕೋಣೆಯನ್ನು ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರೆ, ‘ಶನಿವಾರ ಬರ್ತೇನೆ. ಹೇಗೆ ಇಟ್ಟುಕೊಂಡಿದ್ದೀರಿ ನೋಡಿ ಹೇಳ್ತೇನೆ.’ ಆ ‘ಹೇಗೆ ಇಟ್ಟುಕೊಂಡಿದ್ದೀರಿ’ ಎಂಬುದು ನನ್ನ ಎದೆಗೆ ನಾಟಿತು. ಸಂಜೀವಣ್ಣನೆಂದರೆ ಕಾರು ಕೊಂಡು ಹತ್ತಿರ ಹತ್ತಿರ ಹತ್ತು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯದವರು, ಟಿ.ವಿ.ಯ ರಿಮೋಟಿಗೂ ಅಂಗಿ ಹೊಲಿಸಿದವರು. ಈ ಕೋಣೆ ಹೋದರೆ ಬೇರೆ ಕೋಣೆ ಹಿಡಿಯುವ ತ್ರಾಣ ನಮ್ಮ ಸಂಘಕ್ಕಿರಲಿಲ್ಲ. ಕಾಲನಿಯ ಮಕ್ಕಳಿಗೆ ಮತ್ತೆ ಆ ಸೂಪು, ಆ ಎಲೆ, ಬೆನ್ನ ಹಿಂದೆ ಕಟ್ಟಿದ ಆ ಕೈ.

ಹಾಗಾಗಿ ಶನಿವಾರ ಗಾಯಾಳುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೇಜಿನಡಿಗೆ ತಳ್ಳಿ, ಅಂಗಾಂಗ ಸರಿಯಿದ್ದ ನಾಲ್ಕಾರು ಆಟಿಕೆಗಳನ್ನು ಎದುರಿಗೆ ಜೋಡಿಸಿ, ಮುಖದಲ್ಲಿ ಪ್ರಾಮಾಣಿಕತೆಯನ್ನು ಹಚ್ಚಿಕೊಂಡು ಕಾದೆ. ಸಂಜೀವಣ್ಣ ಬಂದರು, ತಲೆದೂಗಿದರು. ಅಷ್ಟರಲ್ಲಿ ಮೇಜಿನಡಿಯ ಚೀಲ ಹುಟ್ಟುಹಬ್ಬದ ಹಾಡು ಹಾಡತೊಡಗಿತು. ನಾನು ಕೆಮ್ಮಿದೆ. ಚೀಲ ಎರಡನೆಯ ಸಲ ಹಾಡಿ, ಕೋಳಿಯಂತೆ ಕೂಗಿ ಸುಮ್ಮನಾಯಿತು. ಬಾಯಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಯತ್ತ ತಿರುಗಿದರು.

‘ನನ್ನ ರೈಲು ಎಲ್ಲುಂಟು ಮಾಸ್ಟ್ರೇ?’ ಎಂದರು ಸಂಜೀವಣ್ಣ.

‘ಕಾಲನಿಯಲ್ಲಿ, ಒಂದು ಮನೆಯಲ್ಲಿ, ಇನ್ನೂ ವಾಪಸ್ ಬರ್ಲಿಲ್ಲ... ಬಹಳ ಏರು ದಾರಿ,’ ಎಂದೆ.

‘ಹೋಗುವ,’ ಎಂದರು ಅವರು.

ಲಲಿತಕ್ಕನ ಮನೆಯ ಹೊಸ್ತಿಲಿನಿಂದ ಅಡುಗೆಕೋಣೆಯವರೆಗೆ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಳಿ ಬರೆದಿತ್ತು. ಹೊಸ್ತಿಲೇ ಬಂಟ್ವಾಳ, ಅರೆಯುವ ಕಲ್ಲು ಬೆಳ್ತಂಗಡಿ, ನೀರಿನ ಕೊಡಪಾನ ಮೂಡುಬಿದಿರೆ. ಸರಕಾರ ಇನ್ನೂ ಹಳಿ ಹಾಕದ ಊರುಗಳಿಗೆ ಚೈತ್ರ ಆಗಲೇ ಗಾಡಿ ಓಡಿಸುತ್ತಿದ್ದಳು. ಮಂಚದಡಿಯ ಸುರಂಗದಿಂದ ಅದು ಹೊರಬಂತು. ಬಣ್ಣ ಹೋದ ಎಂಜಿನು, ಒಂದು ಗಾಲಿಯ ಜಾಗದಲ್ಲಿ ಸೋಡಾ ಬಾಟ್ಲಿಯ ಮುಚ್ಚಳ, ಬೋಗಿಗೂ ಬೋಗಿಗೂ ಬೀಡಿ ನೂಲಿನ ಬೆಸುಗೆ. ಮೊದಲ ಬೋಗಿಯಲ್ಲಿ ಕಾಲಿಲ್ಲದ ಬೊಂಬೆ, ಎರಡನೆಯದರಲ್ಲಿ, ಟಿಕೇಟು ಕೊಳ್ಳದ ಠೀವಿಯಲ್ಲಿ, ಒಂದು ಜೀವಂತ ಬೆಕ್ಕಿನ ಮರಿ.

ಲಲಿತಕ್ಕ ಸೂಪು ಸಮೇತ ಎದ್ದುನಿಂತಳು, ಎಲೆಗಳೆಲ್ಲ ನೆಲದ ಪಾಲಾದವು. ‘ಧಣಿಗಳೇ, ಅದು...’ ಎಂದಳು. ಅಷ್ಟರಲ್ಲಿ ರೈಲು ಬೆಳ್ತಂಗಡಿ ತಲುಪಿ, ಕೂ ಎಂದು ದೀರ್ಘವಾಗಿ ಸಿಳ್ಳೆ ಹಾಕಿತು.

ಸಂಜೀವಣ್ಣ ತಿರುಗಿ ನನ್ನ ಮುಖ ನೋಡಿದರು. ‘ಇದು ಕೂಗ್ತದಾ?’ ಎಂದರು.

ಅವರು ಮೆಲ್ಲನೆ ಇಸ್ತ್ರಿಯ ಬಿಳಿ ಪಂಚೆಯಲ್ಲೇ ನೆಲಕ್ಕೆ ಕುಳಿತರು. ‘ನನ್ನ ಮಗ ಡಬ್ಬಿಯ ಗಾಜಿನ ಹೊರಗಿಂದ ನೋಡ್ತಿದ್ದ ಮಾರಾಯ್ರೆ. ದಿನಾ ಕೇಳ್ತಿದ್ದ. ಹಾಳು ಮಾಡ್ತಾನೆ ಅಂತ ಕೊಡ್ಲೇ ಇಲ್ಲ. ಅವನ ಮೀಸೆ ಈಗ ನರೆಯಲಿಕ್ಕೆ ಸುರುವಾಗಿದೆ. ಇದು ಕೂಗ್ತದೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.’ ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಈ ಭಾವಪರವಶತೆಗೆ ರೈಲ್ವೆ ಇಲಾಖೆಯಲ್ಲಿ ಜಾಗವಿರಲಿಲ್ಲ. ‘ಅಜ್ಜ, ನೀವು ಹಳಿ ಮೇಲೆ ಕೂತಿದ್ದೀರಿ,’ ಎಂದಳು ಚೈತ್ರ. ‘ಕೂರುದಾದ್ರೆ ಆಚೆ ಕೂತು ಗೇಟು ಆಗಿ. ಕೈ ಅಡ್ಡ ಹಿಡೀರಿ. ರೈಲು ಹೋದ ಮೇಲೆ ಎತ್ತಬೇಕು.’

ಮೂರು ಹೋಟೆಲುಗಳ ಧಣಿ ಸರಿದು ಕುಳಿತು, ಬಲಗೈ ಚಾಚಿ, ಗೇಟಾದರು. ಇದೇ ಸುಸಂಧಿಯೆಂದು ನಾನು ಪಕ್ಕದಲ್ಲಿ ಬಗ್ಗಿ, ‘ಕೋಣೆಯ ಬಗ್ಗೆ...’ ಎಂದು ರಾಗ ತೆಗೆದೆ. ‘ಸುಮ್ಮನಿರಿ ಮಾಸ್ಟ್ರೇ, ಗಾಡಿ ಬರ್ತಾ ಉಂಟು,’ ಎಂದರು ಅವರು, ಕಣ್ಣು ಕದಲಿಸದೆ. ಬಾಯಮ್ಮನ ನಗು ಕಟ್ಟೆಯೊಡೆಯಿತು, ಲಲಿತಕ್ಕ ಅಳುತ್ತಲೇ ನಕ್ಕಳು, ಬೆಕ್ಕಿನ ಮರಿ ಮೂಡುಬಿದಿರೆಯಲ್ಲಿ ಇಳಿದುಹೋಯಿತು. ಇಳಿಜಾರಿನಲ್ಲಿ ಹಿಂದಿರುಗುವಾಗ ಸಂಜೀವಣ್ಣ ಬಲಭುಜ ತಿಕ್ಕಿಕೊಳ್ಳುತ್ತಾ, ‘ರೂಮಿನ ಬೀಗದ ಕೈ ನಿಮ್ಮಲ್ಲೇ ಇರ್ಲಿ. ಮೊಬೈಲಿನವರಿಗೆ ಬೇರೆ ಜಾಗ ನೋಡ್ತೇನೆ. ಶನಿವಾರ ನನಗೂ ಬರ್ಲಿಕ್ಕುಂಟು, ಅವಳಿಗೆ ಗೇಟಿಗೆ ಜನ ಇಲ್ಲ,’ ಎಂದರು.

ಅಂದು ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶೋಕೇಸಿನ ಬೀಗದ ಕೈ ಕೇಳಿದೆ. ಸುಗುಣೆ ಕಾರಣ ಕೇಳಿದಳು, ಸಂಜೀವಣ್ಣನ ಕಥೆ ಹೇಳಿದೆ. ಅವಳು ಬೀಗ ತಾನೇ ತೆಗೆದು, ಗೋಡೆಗಡಿಯಾರದ ಸೆಲ್ಲನ್ನೂ ರಿಮೋಟಿನ ಸೆಲ್ಲನ್ನೂ ಕಿತ್ತು ಕರಡಿಯ ಬೆನ್ನಿಗೆ ತುಂಬಿ, ಅದನ್ನು ಮೇಜಿನ ಮೇಲೆ ನಿಲ್ಲಿಸಿ ಎದುರು ಕುಳಿತಳು. ಕರಡಿ ಒಂದು ಕ್ಷಣ ಯೋಚಿಸಿತು. ಆಮೇಲೆ ಎಷ್ಟೋ ವರ್ಷಗಳ ಬಾಕಿಯನ್ನೆಲ್ಲ ಒಂದೇ ಏಟಿಗೆ ತೀರಿಸುವವರಂತೆ ಡಬಡಬನೆ ಬಾರಿಸುತ್ತಾ, ಮೇಜಿನ ಅಂಚಿನವರೆಗೆ ಕುಣಿದು, ಸುಗುಣೆಯ ಮಡಿಲಿಗೇ ಬಿತ್ತು. ಅವಳು ನಕ್ಕು ನಕ್ಕು ಸುಸ್ತಾಗಿ, ‘ಇನ್ನೊಂದು ಸಲ,’ ಎಂದಳು. ಗಡಿಯಾರ ನಿಂತದ್ದು ನಮಗೆ ಮರುದಿನವೇ ಗೊತ್ತಾದದ್ದು.

ಈಗ ನಮ್ಮ ಶೋಕೇಸಿನ ನಡುವಿನ ಹಂತ ಖಾಲಿ. ಹಾಸಿದ ಕಾಗದದ ಬಣ್ಣ ಮಾಸಿದೆ, ಕರಡಿ ನಿಂತಿದ್ದಲ್ಲಿ ಮಾತ್ರ ಎರಡು ಪುಟ್ಟ ಪಾದಗಳಷ್ಟು ಹೊಸತಾಗಿ ಉಳಿದಿದೆ. ಬಂದ ನೆಂಟರು ಗಾಜಿಗೆ ಮೂಗು ತಾಗಿಸಿ, ಇಲ್ಲಿ ಒಂದು ಕರಡಿ ಇತ್ತಲ್ಲ ಎಂದು ಕೇಳುತ್ತಾರೆ.

‘ಅದು ಡ್ಯೂಟಿಗೆ ಹೋಗಿದೆ,’ ಎನ್ನುತ್ತಾಳೆ ಸುಗುಣೆ.