ಖರೇ ಮಾತಿಗೆ ಒಗ್ಗರಣೆ

ಟೈಪಿಂಗ್ ಮಾಸ್ತರರ ಬಲಗೈಯ ತೋರುಬೆರಳು ತುದಿಯಲ್ಲಿ ಕೊಂಚ ಎಡಕ್ಕೆ ಬಾಗಿತ್ತು. ನಲವತ್ತು ವರ್ಷ ಮಷಿನ್ ಕುಟ್ಟಿದ ಗುರುತು ಅದೆಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅದೇ ಜೋರಿನಲ್ಲಿ ಕುಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ಪತ್ರ ಬೇಕಾದವರು ಬೆಳವಣಕಿಯಿಂದಲೂ ನರಗುಂದದ ಅವರ ಅಂಗಡಿಗೆ ಬರುತ್ತಿದ್ದರು.

ಅವರದೊಂದು ಪದ್ಧತಿ. ನಾವು ಬರೆದು ತಂದ ಕರಡನ್ನು ಕೆಂಪು ಪೆನ್ಸಿಲ್ ಹಿಡಿದು ಓದುವರು. ‘ವೆರಿ ಟ್ರೂ’, ‘ಅಬ್ಸಲ್ಯೂಟ್ಲಿ ಟ್ರೂ’ ಎಂದು ಕಂಡಲ್ಲಿ ನಿಂತುಬಿಡುವರು. "ಇಲ್ಲೆ ಏನರ ಐತಿ, ಹೇಳ್ರಿ" ಅನ್ನುವರು. ಮುಚ್ಚಿಟ್ಟದ್ದು ಏನಾದರೂ ಇದ್ದೇ ಇರುತ್ತಿತ್ತು.

ನಾನು ಅದೇ ಊರಿನ ಬ್ಯಾಂಕಿಗೆ ಸೇರಿ ಇನ್ನೂ ಕಾಯಂ ಆಗಿರಲಿಲ್ಲ. ತಿಜೋರಿಯ ಎರಡು ಕೀಲಿಗಳಲ್ಲಿ ಒಂದು ನನ್ನ ಹತ್ತಿರ ಇರುತ್ತಿತ್ತು; ಎರಡೂ ಸೇರದೆ ಅದು ತೆರೆಯುತ್ತಿರಲಿಲ್ಲ. ಒಂದು ಭಾನುವಾರ ಗಜೇಂದ್ರಗಡಕ್ಕೆ ಗೆಳತಿಯ ನಿಶ್ಚಯಕ್ಕೆ ಹೋದವಳು ಹರಟುತ್ತ ಅಲ್ಲೇ ಉಳಿದೆ. ಸೋಮವಾರ ಮಧ್ಯಾಹ್ನದವರೆಗೆ ತಿಜೋರಿ ತೆರೆಯಲಿಲ್ಲ. ಬಸ್ ಕೆಟ್ಟಿತೆಂದು ಮ್ಯಾನೇಜರರಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಮುಂಬೈಯ ಮುಖ್ಯ ಕಚೇರಿ ಲಿಖಿತ ವಿವರಣೆ ಕೇಳಿತು. ಕೆಲಸ ಹೋಯಿತೆಂದೇ ಎಲ್ಲರೂ ಅಂದರು. ನಾನೂ ಅಂದುಕೊಂಡೆ. ಬಸ್ಸಿನ ಕಥೆಯನ್ನೇ ಬರೆದು, ಮೂರು ಕಡೆ ‘ಅಬ್ಸಲ್ಯೂಟ್ಲಿ ಟ್ರೂ’ ಹಾಕಿ, ಮಾಸ್ತರರ ಮುಂದೆ ಇಟ್ಟೆ.

"ಬಸ್ ಎಲ್ಲಿ ಕೆಟ್ಟಿತ್ತು ತಂಗಿ?"

"ರೋಣದ ಹತ್ರ ರೀ."

"ರೋಣಾ ದಾಟಿ ಏನು, ಇನ್ನೂ ಮೊದಲಽ ಏನು?"

ಕರಡನ್ನು ವಾಪಸ್ ಎಳೆದುಕೊಳ್ಳಲು ಕೈ ಚಾಚಿದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಹಳಸಿದ ಅನ್ನಕ್ಕ ಒಗ್ಗರಣಿ ಭಾಳ ಬೇಕು ಯವ್ವಾ. ಖರೇ ಇದ್ದದ್ದು ಹಂಗಽ ನಿಂದರತೈತಿ. ಆಗಿದ್ದೇನು, ಹೇಳು."

"ಹೇಳಿದ್ರ ನೌಕರಿ ಹೋಗ್ತೈತ್ರಿ" ಎಂದು ಅತ್ತುಬಿಟ್ಟೆ.

"ಹೋಗಬಹುದು. ಹೋಗೂದಿಲ್ಲಂತ ನಾ ಹ್ಯಾಂಗ ಹೇಳಲಿ?"

ಸಮಾಧಾನದ ಒಂದು ಮಾತೂ ಆಡಲಿಲ್ಲ ಮಹಾರಾಯರು! ಸಿಟ್ಟು ಬಂತು. ಸಿಟ್ಟಿನಲ್ಲೇ ಎಲ್ಲ ಹೇಳಿದೆ. ಅವರು ಟೈಪಿಸಿದ್ದು ನಾಲ್ಕೇ ಸಾಲು: ನಿಶ್ಚಯಕ್ಕೆ ಹೋಗಿದ್ದೆ, ಉಳಿದೆ, ತಪ್ಪು ನನ್ನದು, ಬಸ್ಸಿನ ಮಾತು ಸುಳ್ಳು. ಸಹಿ ಹಾಕಿ ಕಳಿಸಿದೆ.

ಹದಿನೈದು ದಿನಕ್ಕೆ ವಿಚಾರಣೆಯ ಅಧಿಕಾರಿ ಬಂದರು. ಬಸ್ ಡಿಪೋದಲ್ಲಿ ಅವರು ಮೊದಲೇ ಕೇಳಿ ತಿಳಿದಿದ್ದರಂತೆ. ಅಂದು ಯಾವ ಬಸ್ಸೂ ಕೆಟ್ಟಿರಲಿಲ್ಲ. ನನ್ನ ಪತ್ರವನ್ನು ಎರಡು ಸಲ ಓದಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಪೇಢೆ ಹಿಡಿದು ಅಂಗಡಿಗೆ ಓಡಿದೆ. ಮಾಸ್ತರರು ಒಂದು ಬಾಯಿಗೆ ಹಾಕಿಕೊಂಡು, "ಚಲೋ ಆತು. ಇನ್ನ ಮ್ಯಾಲೆ ಕೀಲಿ ಕೊಟ್ಟು ಹೋಗು" ಅಂದರು, ಅಷ್ಟೇ.

ಹೋದ ವರ್ಷ ಅವರು ತೀರಿಕೊಂಡರು. ಅದೇ ಶಾಖೆಗೆ ಈಗ ನಾನೇ ಮ್ಯಾನೇಜರ್. ನಿನ್ನ ನೌಕರಿ ಉಳಿಸಿದ್ದು ಅವರೇ ಎಂದು ಮನೆಯವರು ಹೇಳುತ್ತಾರೆ, ಇರಬಹುದು. ನನಗೆ ನೆನಪಾಗುವುದು ಬೇರೆ. ನೌಕರಿ ಉಳಿಯುವುದೋ ಹೋಗುವುದೋ ಗೊತ್ತಿಲ್ಲದ ಆ ಹದಿನೈದು ದಿನವೂ ನಾನು ಹೊಟ್ಟೆತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ.