ತ್ಯಾಗರಾಜನಗರದ ಸಮುದ್ರ
ತ್ಯಾಗರಾಜನಗರದ ವಾಸುದೇವಮೂರ್ತಿಗಳ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಸಮುದ್ರದ ದರ್ಶನವಾಗಬೇಕು. ಟೀವಿ ಇದ್ದ ಜಾಗದಲ್ಲಿ ಈಗ ಎರಡು ಬಿಂದಿಗೆ ಉಪ್ಪುನೀರಿನ ಗಾಜಿನ ತೊಟ್ಟಿ, ಅದರೊಳಗೆ ಬೆರಳುದ್ದದ ಒಂದು ಮೀನು, ಹೆಬ್ಬೆರಳಷ್ಟು ಜೀವಂತ ಹವಳ. “ಮೆತ್ತಗೆ ಮಾತಾಡಿ ಸಾರ್, ಈಗ ತಾನೇ ಅರಳ್ತಿದೆ” ಎಂದು ಮೂರ್ತಿಗಳು, ಕೈಮುಗಿಯದಿದ್ದರೂ ಮುಗಿದವರ ಹಾಗೇ ನಿಂತುಬಿಡುತ್ತಾರೆ. ಕರೆಂಟು ಹೋದರೆ ಯುಪಿಎಸ್ ನಡೆಸುವುದು ತೊಟ್ಟಿಯ ಪಂಪನ್ನು ಮಾತ್ರ. “ನಂಗೆ ಫ್ಯಾನ್ ಬೇಡ್ವೇನ್ರೀ?” ಎಂದು ಹೆಂಡತಿ ಸೀತಾಲಕ್ಷ್ಮಿ ಕೇಳಿದರೆ, “ನೀನು ಆಚೆ ಹೋಗಿ ಕೂರಬಹುದು, ಅದು ಎಲ್ಲಿಗೆ ಹೋಗತ್ತೆ?” ಎನ್ನುತ್ತಾರೆ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಆವಿಯಾದಷ್ಟು ಸಿಹಿನೀರನ್ನು ತೊಟ್ಟಿಗೆ ಹೊಯ್ಯುತ್ತಾರೆ. ಇದಕ್ಕೂ ಮೊದಲು ತಂದಿದ್ದ ಹವಳಕ್ಕೆ ಅಮ್ಮನ ಪೂಜೆಯ ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರನ್ನೇ ಭಕ್ತಿಯಿಂದ ಹೊಯ್ದಿದ್ದರು. ತಾಮ್ರ ಅದಕ್ಕೆ ವಿಷವೆಂದು ತಿಳಿಯುವ ಹೊತ್ತಿಗೆ ಅದು ಬಿಳಿಚಿಕೊಂಡು ಸತ್ತಿತ್ತು. ಅಂದೇ ಚೊಂಬು ಅಟ್ಟ ಸೇರಿತು. ತಲೆತಲಾಂತರದಿಂದ ತಾಮ್ರ ಬಿಟ್ಟು ಬೇರೆ ಮುಟ್ಟದ ದೇವರಮನೆಯಲ್ಲಿ ಮೂರ್ತಿಗಳು ಈಗ ಸ್ಟೀಲ್ ಲೋಟ ಹಿಡಿದು ಸೂರ್ಯನಿಗೆ ಅರ್ಘ್ಯ ಬಿಡುತ್ತಾರೆ. ಕೇಳಿದವರಿಗೆ ತಗ್ಗಿದ ದನಿಯಲ್ಲಿ ಒಂದೇ ಉತ್ತರ: “ಇದೇ ಕೈ ಆಮೇಲೆ ಆ ನೀರಿಗೆ ಇಳೀಬೇಕಲ್ಲ ಸಾರ್.”